ತಗಡಿನ ಕೊಟ್ಟಿಗೆಯೂ ತಿರುಪು ಮೊಳೆಯ ಲೆಕ್ಕವೂ

ಕೃಷ್ಣರಾಜಸಾಗರದ ಸಮೀಪದಲ್ಲಿರುವ ಬೆಳಗೊಳದ ಸುತ್ತಿನಲ್ಲಿ ಹೆಂಚಿನ ಮಾಡಿಗೆ ಬದಲಾಗಿ ತೆಳು ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ ತಗಡು ಹೊದಿಸುವ ರೈತರು ಈಗ ಹಲವರಿದ್ದಾರೆ. ಕೆಲಸ ಬೇಗ ಮುಗಿಯುವುದು. ಮರದ ಖರ್ಚೂ ಇಲ್ಲ. ಆದರೆ ಇಂತಹ ಮಾಡು ಭಾರದಿಂದ ಕುಸಿಯುವುದಕ್ಕಿಂತ ಗಾಳಿಗೆ ಹಾರುವ ಭಯವೇ ಹೆಚ್ಚೆಂಬುದನ್ನು ಕಟ್ಟಿಸುವವರು ಮೊದಲು ತಿಳಿಯತಕ್ಕದ್ದು. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ನಾಲ್ಕೈದು ಕಿಲೋಗ್ರಾಂ ಮಾತ್ರ ತೂಗುವುದು. ಭಾರತೀಯ ಮಾನಕ 875 ಮೈಸೂರಿಗೆ ಗೊತ್ತುಮಾಡಿರುವ ಗಾಳಿಯ ಮೂಲವೇಗ ಸೆಕೆಂಡಿಗೆ 33 ಮೀಟರ್. ಅದರ ಒತ್ತಡ ಚದರ ಮೀಟರಿಗೆ ಸುಮಾರು 66 ಕಿಲೋಗ್ರಾಂ. ಕಟ್ಟಡದ ಎತ್ತರಕ್ಕೂ ಸ್ಥಳಕ್ಕೂ ತಕ್ಕಂತೆ ಇದನ್ನು ತಿದ್ದಿಕೊಳ್ಳಬೇಕು. ಪಕ್ಕಗಳು ತೆರೆದಿರುವ ಕೊಟ್ಟಿಗೆಯಲ್ಲಿ ಗಾಳಿಯು ಒಳಹೊಕ್ಕು ಕೆಳಗಿನಿಂದಲೂ ತಳ್ಳುವುದು. ಆಗ ತಗಡನ್ನು ಹಿಡಿದಿರುವುದು ತಿರುಪು ಮೊಳೆಯೊಂದೇ.

ತೆಳು ಉಕ್ಕಿನ ಕಟ್ಟಡಗಳಿಗೆ ಅಮೇರಿಕದಲ್ಲಿ ಬಳಸುವ ನಿಯಮಾವಳಿಯು ಎಳೆತಕ್ಕೊಳಗಾದ ಪಟ್ಟಿಗೆ 1.67ರ ಸುರಕ್ಷತಾ ಗುಣಕವನ್ನು ಸಾಕೆಂದರೂ, ತಿರುಪು ಮೊಳೆಯ ಜೋಡಣೆಗೆ 3 ಇರಬೇಕೆಂದು ವಿಧಿಸುತ್ತದೆ. ಯಾತಕ್ಕೆಂದರೆ, ಪಟ್ಟಿಯು ಬಾಗಿ ಮುನ್ಸೂಚನೆ ಕೊಡುವುದು. ಮೊಳೆಯು ಹಾಗಲ್ಲ, ಒಮ್ಮೆಲೇ ಕಿತ್ತುಬರುವುದು. ಮೇಲಾಗಿ ಒಂದೊಂದು ಮೊಳೆಯೂ ಕೆಲಸಗಾರನ ಕೈಯನ್ನು ಅವಲಂಬಿಸಿದೆ. ಓರೆಯಾಗಿ ಹೊಕ್ಕ ಮೊಳೆ, ಮಿತಿಮೀರಿ ತಿರುಗಿಸಿದ್ದರಿಂದ ಸವೆದ ಸುತ್ತು, ಗಂಜಲದ ತೇವದಿಂದ ಹತ್ತಿದ ತುಕ್ಕು ಇವೆಲ್ಲ ಹೊರಗಣ ಕಣ್ಣಿಗೆ ಕಾಣವು.

ಉದಾಹರಣೆಗೆ, ಚದರ ಮಿಲಿಮೀಟರಿಗೆ 340 ನ್ಯೂಟನ್ ಬಲವುಳ್ಳ, 1.2 ಮಿಲಿಮೀಟರ್ ದಪ್ಪದ ಅಡ್ಡಪಟ್ಟಿಯಿಂದ 5.5 ಮಿಲಿಮೀಟರ್ ವ್ಯಾಸದ ಮೊಳೆ ಕಿತ್ತುಬರಬೇಕಾದರೆ ಆ ನಿಯಮದ ಸೂತ್ರದಂತೆ ಸುಮಾರು 190 ಕಿಲೋಗ್ರಾಂ ಎಳೆತ ಬೇಕು. ಮೂರರಿಂದ ಭಾಗಿಸಿದರೆ ನಮಗೆ ಸಲ್ಲುವುದು 63 ಮಾತ್ರ. ಮೇಲೆತ್ತುವ ಬಲ ಚದರ ಮೀಟರಿಗೆ 100 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅಡ್ಡಪಟ್ಟಿಗಳ ಅಂತರ 1.2 ಮೀಟರ್, ಮೊಳೆಗಳ ಅಂತರ 40 ಸೆಂಟಿಮೀಟರ್ ಆದರೆ ಒಂದೊಂದು ಮೊಳೆಗೆ 48 ಕಿಲೋಗ್ರಾಂ ಬೀಳುವುದು; ಅಡ್ಡಿಯಿಲ್ಲ. ಆದರೆ ಸೂರಿನಂಚಿನಲ್ಲಿಯೂ ಮೂಲೆಗಳಲ್ಲಿಯೂ ಸೆಳೆತ ಇಮ್ಮಡಿಯಾಗಬಹುದು. ಅಲ್ಲಿ ಅದೇ ಮೊಳೆ 96 ಕಿಲೋಗ್ರಾಂ ಹೊರಬೇಕಾಗುವುದರಿಂದ ಅಂತರವನ್ನು 20 ಸೆಂಟಿಮೀಟರಿಗೆ ಇಳಿಸತಕ್ಕದ್ದು. ಅಡ್ಡಪಟ್ಟಿಯ ದಪ್ಪ 0.8 ಮಿಲಿಮೀಟರಾದರೆ ಮೊಳೆಗೆ ಸಲ್ಲುವ ಬಲ 43 ಕಿಲೋಗ್ರಾಮಿಗೆ ಇಳಿದು, ನಡುಮಾಡಿನಲ್ಲಿಯೂ 40 ಸೆಂಟಿಮೀಟರಿನ ಅಂತರ ಸಾಲದಾಗುವುದು. ಅಗ್ಗದ ಪಟ್ಟಿ ಕೊಳ್ಳುವವರು ಈ ಮಾತನ್ನು ಗಮನಿಸಲಿ.

"ಹೇಗೂ ಮೂರು ಪಾಲು ಬಲವಿದೆಯಲ್ಲ, ಒಂದು ಬಿಟ್ಟು ಒಂದು ಹೊಡೆದರೂ ನಿಲ್ಲುತ್ತದೆ" ಎಂಬ ಮಾತು ಕೆಲಸದ ಸ್ಥಳದಲ್ಲಿ ಕೇಳಿಬರುವುದುಂಟು. ಇದು ತೀರ ತಪ್ಪು ತಿಳಿವಳಿಕೆ. ಹಾಗೆ ಮಾಡಿದರೆ ನಡುಮಾಡಿನ ಪ್ರತಿ ಮೊಳೆಗೂ 96 ಕಿಲೋಗ್ರಾಂ ಬಿದ್ದು, ಗುಣಕವು ಎರಡಕ್ಕೆ ಇಳಿಯುವುದು. ಸವೆದ ಸುತ್ತಿನ ಮೊಳೆಯೊಂದು ಅಲ್ಲಿದ್ದರೆ ಉಳಿಯುವುದೇನು? ಹಾಗೆಂದು ಮೊಳೆಗಳನ್ನು ಒತ್ತೊತ್ತಾಗಿ ಹೊಡೆಯುವುದೂ ಸಲ್ಲದು. ನಡುವಣ ಅಂತರ ವ್ಯಾಸದ ಮೂರರಷ್ಟಕ್ಕೂ, ಅಂಚಿನಿಂದ ದೂರ ಒಂದೂವರೆಯಷ್ಟಕ್ಕೂ ಕಡಿಮೆಯಾಗಕೂಡದು.

ರಬ್ಬರಿನ ವಾಷರ್ ಚಪ್ಪಟೆಯಾಗಿ ಹೊರಕ್ಕೆ ಉಬ್ಬುವಷ್ಟು ಬಿಗಿಯದೆ, ತಗಡಿಗೆ ಸಮನಾಗಿ ಕೂರುತ್ತಲೇ ನಿಲ್ಲಿಸಬೇಕು. ಸುತ್ತು ಸವೆದ ತೂತಿನಲ್ಲಿ ಅದೇ ಅಳತೆಯ ಮೊಳೆಯನ್ನು ಮತ್ತೆ ಕೂರಿಸಬಾರದು. ದಪ್ಪ ಮೊಳೆ ಹಾಕುವುದು ಅಥವಾ ಪಕ್ಕದಲ್ಲಿ ಹೊಸ ತೂತು ಕೊರೆಯುವುದು ಒಳಿತು. ಮುಂಗಾರಿಗೆ ಮುಂಚೆ, ಏಪ್ರಿಲ್ ತಿಂಗಳ ಬಿರುಗಾಳಿಗಳು ಏಳುವುದರೊಳಗಾಗಿ, ಸೂರಿನಂಚಿನ ಸಾಲನ್ನು ಒಂದೊಂದಾಗಿ ಪರೀಕ್ಷಿಸಿ, ತುಕ್ಕು ಹಿಡಿದವನ್ನು ಬದಲಿಸತಕ್ಕದ್ದು.