ನೂರು ಟನ್ ಹೊರುವ ರೆಕ್ಕೆಗಳು

2016ರ ಮೇ ತಿಂಗಳಲ್ಲಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಒಂದು ವಿಮಾನ ಬಂದಿಳಿಯಿತು. ಆರು ಎಂಜಿನ್, 32 ಚಕ್ರ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 88 ಮೀಟರ್. ಹೆಸರು ಆಂಟೊನೊವ್ ಎಎನ್-225 ಮ್ರಿಯಾ. ಜಗತ್ತಿನಲ್ಲಿ ಹಾರುತ್ತಿದ್ದದ್ದು ಅಂಥದ್ದು ಒಂದೇ. ಹೈದರಾಬಾದಿನಲ್ಲಿ ಅದಕ್ಕೆ ಇಳಿಸುವುದೂ ಇರಲಿಲ್ಲ, ಹೇರುವುದೂ ಇರಲಿಲ್ಲ. ಹೊಟ್ಟೆಯೊಳಗೆ 117 ಟನ್ ತೂಕದ ಒಂದು ಜನರೇಟರ್ ಇಟ್ಟುಕೊಂಡು ಪ್ರಾಗ್‌ನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟಿದ್ದ ಅದು, ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳಲು ನಿಂತಿತ್ತು. ಪರ್ತ್ ತಲುಪಿದಾಗ ಅದನ್ನು ನೋಡಲು ಸಾವಿರಾರು ಜನ ನಿಲ್ದಾಣದ ಬೇಲಿಗೆ ಮುಗಿಬಿದ್ದಿದ್ದರು.

ಅಷ್ಟು ದೊಡ್ಡ ವಿಮಾನಕ್ಕೆ ನಡುನಡುವೆ ನಿಲ್ಲುವ ಗತಿ ಯಾಕೆ ಬಂತು? ನೆಲ ಬಿಡುವಾಗ ಮ್ರಿಯಾದ ಒಟ್ಟು ತೂಕ 640 ಟನ್ ಮೀರುವಂತಿರಲಿಲ್ಲ. ವಿಮಾನದ ಸ್ವಂತ ತೂಕ, ಸರಕು, ಇಂಧನ ಎಲ್ಲವೂ ಆ ಲೆಕ್ಕದೊಳಗೇ ಹಿಡಿಯಬೇಕಿತ್ತು. ಸರಕು ಏರಿದಂತೆ ಇಂಧನ ಇಳಿಸಬೇಕು, ಇಂಧನ ಇಳಿದಂತೆ ದೂರ ಕುಗ್ಗುತ್ತದೆ. ಹಾಗಾಗಿ ತುರ್ಕ್‌ಮೆನಿಸ್ತಾನ, ಹೈದರಾಬಾದ್, ಜಕಾರ್ತಾ ಎಂದು ನಿಂತು ನಿಂತು ಹೋಗಬೇಕಾಯಿತು.

ಹಡಗಿನಲ್ಲಿ ಕಳಿಸಿದ್ದರೆ ಖರ್ಚು ಎಷ್ಟೋ ಕಡಿಮೆ. ಆದರೆ ಜನರೇಟರ್ ಕೆಟ್ಟು ನಿಂತ ಕಾರ್ಖಾನೆಗೆ ಒಂದೊಂದು ದಿನವೂ ನಷ್ಟ. ಆ ನಷ್ಟವನ್ನು ವಾರಗಳಿಂದ ಗುಣಿಸಿ ನೋಡಿದಾಗ ವಿಮಾನದ ಬಾಡಿಗೆಯೇ ಅಗ್ಗವೆನಿಸುವ ಹಂತ ಬರುತ್ತದೆ. ಭಾರಿ ಸರಕು ಆಕಾಶಕ್ಕೇರುವುದು ಬಹುಪಾಲು ಆ ಹಂತದಲ್ಲೇ. ಖುಷಿಗೆ ಯಾರೂ ಈ ವಿಮಾನ ಕರೆಸುವುದಿಲ್ಲ.

ಹಾರಾಟಕ್ಕಿಂತ ಹೇರುವ ಕೆಲಸವೇ ನೋಡುವಂಥದ್ದು. ಮ್ರಿಯಾದ ಅಣ್ಣ ಎನ್ನಬಹುದಾದ ಎಎನ್-124 ರುಸ್ಲಾನ್ ಮೊದಲು ಹಾರಿದ್ದು 1982ರ ಡಿಸೆಂಬರ್‌ನಲ್ಲಿ. ಅದರ ಮೂಗು ಇಡಿಯಾಗಿ ಮೇಲಕ್ಕೆತ್ತಿಕೊಳ್ಳುತ್ತದೆ. ಬಳಿಕ ಮುಂದಿನ ಗಾಲಿಗಳನ್ನು ಮಡಚಿ, ಮಾವುತನನ್ನು ಹತ್ತಿಸಿಕೊಳ್ಳುವ ದಸರಾ ಆನೆಯಂತೆ ಮಂಡಿಯೂರುತ್ತದೆ. ಬಾಗಿಲೊಳಗೆ ಇಣುಕಿದರೆ 36 ಮೀಟರ್ ಉದ್ದ, 6.4 ಮೀಟರ್ ಅಗಲ, 4.4 ಮೀಟರ್ ಎತ್ತರದ ಕೋಣೆ, ಚಾವಣಿಯಲ್ಲೇ ಕ್ರೇನ್‌ಗಳು. ಹಿಂದೆಯೂ ಒಂದು ಬಾಗಿಲಿದೆ, ಈ ಕಡೆಯಿಂದ ಏರಿಸಿದ್ದನ್ನು ಆ ಕಡೆಯಿಂದ ಇಳಿಸಬಹುದು.

ಇಲ್ಲಿ ಹೇರುವ ಕೆಲಸದ ಉಸ್ತುವಾರಿ ಹೊತ್ತ ಲೋಡ್‌ಮಾಸ್ಟರ್ ಹೇಳಿದ್ದೇ ಕಾನೂನು. ನೂರು ಟನ್ನಿನ ಯಂತ್ರವನ್ನು ಅದರ ನಾಲ್ಕು ಕಾಲುಗಳ ಮೇಲೆ ಹಾಗೇ ನಿಲ್ಲಿಸಿದರೆ ವಿಮಾನದ ನೆಲ ತೂತಾದೀತು. ಅದಕ್ಕೇ ಕೆಳಗೆ ಉಕ್ಕಿನ ತೊಲೆ, ಮರದ ದಿಮ್ಮಿ ಕೊಟ್ಟು ಭಾರವನ್ನು ಹರಡುತ್ತಾರೆ. ಹೊರಗಿನಿಂದ ಒಳಗಿನವರೆಗೆ ಹಳಿಯಂಥ ಚೌಕಟ್ಟು ಹಾಸಿ, ವಿಂಚ್ ಕಟ್ಟಿ, ಅಂಗುಲ ಅಂಗುಲವಾಗಿ ಎಳೆಯುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದು ಮೊದಲೇ ಲೆಕ್ಕ ಹಾಕಿದ ಜಾಗ. ತೂಕದ ನಡು ತಪ್ಪಿ ಹಿಂದಕ್ಕೋ ಮುಂದಕ್ಕೋ ಸರಿದರೆ ವಿಮಾನ ಪೈಲಟ್ ಮಾತು ಕೇಳುವುದಿಲ್ಲ. ಕೊನೆಗೆ ಸರಪಳಿ ಬಿಗಿಯುವುದು. ಇಳಿಯುವಾಗ ಬ್ರೇಕ್ ಬಿದ್ದರೂ ಸರಕು ಮಿಸುಕಬಾರದು.

ಹೀಗೆ ಎಳೆದು ಹೇರಿದ್ದರಲ್ಲಿ ಒಂದೇ ವಸ್ತುವಿನ ದಾಖಲೆಯ ಭಾರ 2009ರಲ್ಲಿ ಮ್ರಿಯಾ ಹೊತ್ತದ್ದು. ಜರ್ಮನಿಯಿಂದ ಅರ್ಮೇನಿಯಾದ ವಿದ್ಯುತ್ ಸ್ಥಾವರಕ್ಕೆ ಹೋದ ಒಂದು ಜನರೇಟರ್, ಚೌಕಟ್ಟೂ ಸೇರಿ ಸುಮಾರು 190 ಟನ್. ಮರುವರ್ಷ ಚೀನಾದಿಂದ ಡೆನ್ಮಾರ್ಕ್‌ಗೆ 42 ಮೀಟರ್ ಉದ್ದದ ಎರಡು ಗಾಳಿಯಂತ್ರದ ರೆಕ್ಕೆಗಳನ್ನು ಒಯ್ದಿತು.

ಆದರೂ ನನಗೆ ಇವೆಲ್ಲಕ್ಕಿಂತ ಹಿಡಿಸಿದ ಕಥೆ ಒಂದು ಕಲ್ಲಿನದು. ಇಥಿಯೋಪಿಯಾದ ಅಕ್ಸುಮ್‌ನ ಪ್ರಾಚೀನ ಶಿಲಾಸ್ತಂಭವನ್ನು ಮುಸೊಲಿನಿಯ ಸೇನೆ 1937ರಲ್ಲಿ ರೋಮ್‌ಗೆ ಸಾಗಿಸಿತ್ತು. 24 ಮೀಟರ್ ಎತ್ತರ, ಸುಮಾರು 150 ಟನ್ ತೂಕ. ಹಿಂತಿರುಗಿಸುತ್ತೇವೆ ಎಂದು ಇಟಲಿ ಒಪ್ಪಂದಕ್ಕೆ ಸಹಿ ಹಾಕಿದ್ದು 1947ರಲ್ಲಿ. ಕಂಬವನ್ನು ಬಿಚ್ಚಿದ್ದು 2003ರಲ್ಲಿ. ಒಯ್ಯುವಾಗ ಸಮುದ್ರಕ್ಕೆ ಇಳಿಸಿದ್ದ ಮಸಾವಾ ಬಂದರು ಅಷ್ಟರಲ್ಲಿ ಎರಿಟ್ರಿಯಾದ ಪಾಲಾಗಿತ್ತು, ಎರಡು ದೇಶಗಳ ನಡುವೆ ಯುದ್ಧವೂ ನಡೆದುಹೋಗಿತ್ತು. ಸಮುದ್ರದ ದಾರಿ ಮುಚ್ಚಿದ ಮೇಲೆ ಉಳಿದದ್ದು ಆಕಾಶ. ಅಕ್ಸುಮ್ ಇರುವುದು ಎರಡು ಸಾವಿರ ಮೀಟರಿಗೂ ಎತ್ತರದ ಪ್ರಸ್ಥಭೂಮಿಯಲ್ಲಿ. ಅಲ್ಲಿ ಗಾಳಿ ತೆಳು, ಬಿಸಿಲೇರಿದರೆ ಇನ್ನಷ್ಟು ತೆಳು. ರೆಕ್ಕೆಗೂ ಎಂಜಿನ್ನಿಗೂ ಅಷ್ಟರಮಟ್ಟಿಗೆ ಶಕ್ತಿ ಸೋರುತ್ತದೆ. ರನ್‌ವೇ ಸರಿಪಡಿಸಿ, ಕಂಬವನ್ನು ಮೂರು ತುಂಡಾಗಿ ಹಂಚಿ, 2005ರ ಏಪ್ರಿಲ್‌ನಲ್ಲಿ ರುಸ್ಲಾನ್ ಒಂದೊಂದೇ ತುಂಡನ್ನು ಹೊತ್ತು ತಂದಿತು. ಮೊದಲ ತುಂಡು ಬಂದದ್ದು ಬೆಳಗಿನ ತಂಪಿನಲ್ಲಿ. ಕಂಬ ತನ್ನ ನೆಲದಲ್ಲಿ ಮತ್ತೆ ಎದ್ದು ನಿಂತದ್ದು 2008ರಲ್ಲಿ.

ನಮ್ಮ ಬೆಂಗಳೂರಿಗೂ ಇಂಥ ಸರಕು ವಿಮಾನಗಳ ನಂಟಿದೆ, ಆದರೆ ಇಲ್ಲಿ ಭಾರಕ್ಕಿಂತ ಗಾತ್ರ ಮತ್ತು ನಾಜೂಕಿನ ಚಿಂತೆ ಹೆಚ್ಚು. 4,180 ಕಿಲೋ ತೂಕದ ಜಿಸ್ಯಾಟ್-24 ಉಪಗ್ರಹ 2022ರ ಮೇನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ತಲುಪಿದ್ದು ಸಿ-17 ಎಂಬ ಸರಕು ವಿಮಾನದಲ್ಲಿ. ನಾಸಾ ಮತ್ತು ಇಸ್ರೊ ಸೇರಿ ಮಾಡಿದ ನಿಸಾರ್ ಉಪಗ್ರಹದ್ದು ಇನ್ನೂ ಸುತ್ತಾಟದ ಕಥೆ. ಅದರ ರೇಡಾರ್ ಉಪಕರಣ 2023ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆಯ ಸಿ-17ರಲ್ಲಿ ಬೆಂಗಳೂರಿಗೆ ಬಂತು. ಅದರ 12 ಮೀಟರ್ ಅಗಲದ ಆಂಟೆನಾ ಬಟ್ಟಲು ಮಡಚಿಟ್ಟ ಸ್ಥಿತಿಯಲ್ಲಿ ವಿಪರೀತ ಕಾಯಬಹುದೆಂದು ತಿಳಿದಾಗ ಅದನ್ನು ಕ್ಯಾಲಿಫೋರ್ನಿಯಾಗೆ ವಾಪಸ್ ಕಳಿಸಿ, ಶಾಖ ತಡೆಯುವ ಹೊದಿಕೆ ಹಾಕಿಸಿ, 2024ರ ಅಕ್ಟೋಬರ್‌ನಲ್ಲಿ ಮತ್ತೆ ವಿಮಾನದಲ್ಲೇ ತಂದರು. ಉಡಾವಣೆ ಆದದ್ದು 2025ರ ಜುಲೈ 30ರಂದು.

ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ವಾಯುಪಡೆಯ ಸಿ-17ಗಳು ಆಕ್ಸಿಜನ್ ಟ್ಯಾಂಕರ್‌ಗಳನ್ನು ಹೊತ್ತು ಹಾರಿದ್ದು ನೆನಪಿರಬಹುದು. ಅವು ಒಯ್ದದ್ದು ಖಾಲಿ ಟ್ಯಾಂಕರ್‌ಗಳನ್ನು. ದ್ರವ ಆಕ್ಸಿಜನ್ ತುಂಬಿದ ಟ್ಯಾಂಕರ್ ವಿಮಾನದೊಳಗೆ ಬೆಂಕಿಗೆ ಆಹ್ವಾನವಿದ್ದಂತೆ. ಹೋಗುವಾಗ ಖಾಲಿ ಟ್ಯಾಂಕರ್ ಆಕಾಶದಲ್ಲಿ, ಬರುವಾಗ ತುಂಬಿದ್ದು ರಸ್ತೆ, ರೈಲಿನಲ್ಲಿ. ಉಳಿಸಿದ್ದು ಒಂದೇ ದಿಕ್ಕಿನ ಸಮಯ. ಆ ದಿನಗಳಲ್ಲಿ ಅದೇ ದೊಡ್ಡದಾಗಿತ್ತು.

ಈಗ ಕೆಟ್ಟ ಸುದ್ದಿ. ಮ್ರಿಯಾ ಇಲ್ಲ. 2022ರ ಫೆಬ್ರುವರಿ ಕೊನೆಯಲ್ಲಿ, ರಷ್ಯಾ ದಾಳಿಯ ಮೊದಲ ದಿನಗಳಲ್ಲೇ, ಕೀವ್ ಬಳಿಯ ಹೊಸ್ತೊಮೆಲ್ ನಿಲ್ದಾಣದಲ್ಲಿ ನಾಶವಾಯಿತು. ರುಸ್ಲಾನ್‌ಗಳು ತಯಾರಾದದ್ದೇ ಐವತ್ತು ಚಿಲ್ಲರೆ. ರಷ್ಯಾದ ಕಂಪನಿಯ ಬಳಿ ಇದ್ದವು ನಿರ್ಬಂಧದಿಂದಾಗಿ ಪಾಶ್ಚಾತ್ಯ ಮಾರುಕಟ್ಟೆಯಿಂದ ಹೊರಬಿದ್ದವು. ಅವುಗಳಲ್ಲೊಂದು ಅದೇ ಫೆಬ್ರುವರಿಯಲ್ಲಿ ಟೊರಾಂಟೊದಲ್ಲಿ ಇಳಿದದ್ದು, ಮತ್ತೆ ಏಳಲು ಕೆನಡಾ ಬಿಡಲಿಲ್ಲ. ಉಕ್ರೇನಿನ ಆಂಟೊನೊವ್ ಕಂಪನಿ ಅಳಿದುಳಿದ ಬೆರಳೆಣಿಕೆಯ ವಿಮಾನಗಳೊಂದಿಗೆ ಜರ್ಮನಿಯ ಲೈಪ್‌ಜಿಗ್‌ನಿಂದ ಕೆಲಸ ನಡೆಸುತ್ತಿದೆ. ಸಿ-17 ತಯಾರಿಕೆ 2015ರಲ್ಲೇ ನಿಂತಿತು. ಮಾರಾಟಕ್ಕೆ ಉಳಿದಿದ್ದ ಕೊನೆಯದನ್ನು ಕೊಂಡದ್ದು ಭಾರತವೇ. ಮೂಗು ತೆರೆಯುವ ಬೋಯಿಂಗ್ 747 ಸರಕು ವಿಮಾನದ ಕೊನೆಯದು 2023ರ ಜನವರಿಯಲ್ಲಿ ಗಿರಾಕಿಯ ಕೈ ಸೇರಿತು. ಅದರ ಬದಲಿಗೆ ಬರುತ್ತಿರುವ 777ಗೆ ಪಕ್ಕದ ಬಾಗಿಲಷ್ಟೇ. ಉದ್ದನೆಯ ಸರಕು ಆ ಬಾಗಿಲಲ್ಲಿ ತಿರುಗುವುದೇ ಇಲ್ಲ.

ಹೊಸ ಯೋಜನೆ ಇಲ್ಲವೆಂದಲ್ಲ. ಗಾಳಿಯಂತ್ರದ ರೆಕ್ಕೆ ಸಾಗಿಸಲೆಂದೇ ಅಮೆರಿಕದ ಒಂದು ಕಂಪನಿ 108 ಮೀಟರ್ ಉದ್ದದ ವಿಂಡ್‌ರನ್ನರ್ ಎಂಬ ವಿಮಾನದ ನಕ್ಷೆ ಮುಂದಿಟ್ಟಿದೆ. ಆದರೆ ಅದು ಮೂಲತಃ ಗಾತ್ರ ಹೊರುವ ವಿಮಾನ, ಭಾರ ಹೊರುವುದಲ್ಲ. ನೂರು ಟನ್ನಿನ ಜನರೇಟರ್ ಎಲ್ಲಾದರೂ ಕೆಟ್ಟರೆ ಇವತ್ತಿಗೂ ಕರೆ ಹೋಗುವುದು ಸೋವಿಯತ್ ಕಾಲದ ವಿನ್ಯಾಸದ ರುಸ್ಲಾನ್‌ಗೇ. ಅದನ್ನು ರಿಪೇರಿ ಮಾಡಿಕೊಂಡು ಓಡಿಸುವುದು ಬಿಟ್ಟು ಸದ್ಯಕ್ಕೆ ಬೇರೆ ದಾರಿಯಿಲ್ಲ.