ಮನೆಯೇ ಶಾಲೆಯಾದರೆ ಅಮ್ಮನಿಗೆ ರಜೆ ಯಾವಾಗ?

ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಚಾನೆಲ್‌ಗೆ ಒಂದೇ ಥರದ ಫೋನ್‌ಗಳು. ಡೊನೇಷನ್ ಜಾಸ್ತಿ, ಬ್ಯಾಗ್ ಭಾರ, ವ್ಯಾನ್‌ನಲ್ಲಿ ಮಕ್ಕಳನ್ನ ಕುರಿ ತುಂಬಿದ ಹಾಗೆ ತುಂಬ್ತಾರೆ. ಇದರ ಮಧ್ಯೆ ಒಬ್ಬ ತಾಯಿ ಬೇರೆಯದೇ ಪ್ರಶ್ನೆ ಕೇಳಿದರು. "ಸಾರ್, ಮಗಳನ್ನ ಸ್ಕೂಲ್ ಬಿಡಿಸಿ ಮನೇಲೇ ಓದಿಸ್ಬೇಕು ಅಂತಿದ್ದೀನಿ. ಪೊಲೀಸ್ನೋರು ಬರ್ತಾರಾ?"

ಬರೋದಿಲ್ಲ. ಆದರೆ ಆ ಉತ್ತರ ಕೇಳಿ ಫೋನ್ ಇಟ್ಟುಬಿಟ್ಟರೆ ಅರ್ಧ ವಿಷಯ ಮಾತ್ರ ಗೊತ್ತಾದ ಹಾಗೆ.

ಮೊದಲು ಕಾನೂನು ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನ ನೆರೆಹೊರೆಯ ಶಾಲೆಗೆ ಸೇರಿಸೋದು ಪೋಷಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತೆ. ಸೇರಿಸದಿದ್ದರೆ ಏನು? ಅಪ್ಪ ಅಮ್ಮನಿಗೆ ದಂಡವಿಲ್ಲ, ಜೈಲಿಲ್ಲ. ಜರ್ಮನಿಯಲ್ಲಿ ಮನೆಪಾಠಕ್ಕೆ ಅವಕಾಶವೇ ಇಲ್ಲ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ ಬಾ ಅನ್ನೋರೂ ಇಲ್ಲ, ಬೇಡ ಅನ್ನೋರೂ ಇಲ್ಲ. ಬಾಗಿಲು ಓರೆ ಮಾಡಿಟ್ಟಿದ್ದಾರೆ, ಅಷ್ಟೇ.

ಇನ್ನು ಮನೆಯೊಳಗೆ ಹೋಗೋಣ. ಬೆಂಗಳೂರಿನಲ್ಲಿ ನನಗೆ ಪರಿಚಯದ ಒಂದು ಮನೆ. ಇಬ್ಬರು ಮಕ್ಕಳು, ಇಬ್ಬರಿಗೂ ಶಾಲೆ ಬಿಡಿಸಿದ್ದಾರೆ. ಮೊದಲ ತಿಂಗಳು ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದರಂತೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಕನ್ನಡ. ಎರಡೇ ವಾರಕ್ಕೆ ಅದು ಹರಿದುಹೋಯ್ತು. ಯಾಕೆ? ಒಂಬತ್ತಕ್ಕೆ ಗ್ಯಾಸ್ ಸಿಲಿಂಡರ್‌ನವನು ಬರ್ತಾನೆ, ಹತ್ತಕ್ಕೆ ಅಜ್ಜಿಗೆ ಬಿಪಿ ಮಾತ್ರೆ ಕೊಡಬೇಕು. ಆಮೇಲೆ ಅವರಿಗೇ ಒಂದು ವಿಷಯ ಹೊಳೀತು. ನಲವತ್ತು ಮಕ್ಕಳ ತರಗತಿಯಲ್ಲಿ ಹಾಜರಿ, ಸಾಲು, ಗಲಾಟೆ ಅಂತ ಹೋಗೋ ಸಮಯ ಮನೆಯಲ್ಲಿ ಇಲ್ಲವೇ ಇಲ್ಲ. ಎರಡು ಮೂರು ಗಂಟೆ ಪಕ್ಕದಲ್ಲಿ ಕೂತರೆ ಪಾಠ ಮುಗಿಯುತ್ತೆ. ಮಾರ್ಕೆಟ್‌ನಲ್ಲಿ ಚಿಲ್ಲರೆ ಎಣಿಸೋದೇ ಲೆಕ್ಕ, ಚಪಾತಿ ಹಿಟ್ಟು ಅಳೆಯೋದೇ ಭಿನ್ನರಾಶಿ.

ಕೇಳೋದಕ್ಕೆ ಚೆನ್ನಾಗಿದೆ, ಅಲ್ವಾ? ಆದರೆ ಆ ಎರಡು ಮೂರು ಗಂಟೆ ಪಕ್ಕದಲ್ಲಿ ಕೂರೋರು ಯಾರು? ಆ ಮನೆಯಲ್ಲಿ ಅಮ್ಮ. ಕೆಲಸ ಬಿಟ್ಟಿದ್ದು ಅಮ್ಮ. ಶಾಲೆಗೆ ಫೀಸ್ ಉಳೀತು ಅಂತ ಅಪ್ಪ ಲೆಕ್ಕ ಹಾಕ್ತಾರೆ. ಹೋದ ಸಂಬಳವನ್ನ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಶಾಲೆಯ ಮೇಷ್ಟ್ರಿಗೆ ದಸರಾ ರಜೆ ಇದೆ, ಬೇಸಿಗೆ ರಜೆ ಇದೆ. ಈ ಟೀಚರ್‌ಗೆ ಭಾನುವಾರವೂ ಇಲ್ಲ. ಹೋಮ್ ಸ್ಕೂಲಿಂಗ್ ಬಗ್ಗೆ ಯಾರೇ ನಿಮಗೆ ಭಾಷಣ ಮಾಡಿದರೂ ಮೊದಲು ಈ ಪ್ರಶ್ನೆ ಕೇಳಿ.

ಎರಡನೇದು ಕಾಗದ ಪತ್ರ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ 1989ರಲ್ಲಿ ಶುರುವಾಗಿದ್ದು. ಶಾಲೆಗೆ ಹೋಗದ ಮಗು 14 ತುಂಬಿದ ಮೇಲೆ ಅಲ್ಲಿ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಬಹುದು. ಐದು ವಿಷಯ, ಪಾಸ್ ಮಾಡೋದಕ್ಕೆ ಐದು ವರ್ಷದ ಕಾಲಾವಕಾಶ. ನಮ್ಮ ಎಸ್ಸೆಸ್ಸೆಲ್ಸಿಯನ್ನ ಖಾಸಗಿ ಅಭ್ಯರ್ಥಿಯಾಗಿ ಬರೆಯೋ ದಾರಿಯೂ ಇದೆ. ಸಮಸ್ಯೆ ಬರೋದು ಆಮೇಲೆ. ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕು ಅಂದ್ರೆ ಬಹುಪಾಲು ಮಕ್ಕಳು ತೋರಿಸೋ ಅರ್ಹತೆ ಏನು ಗೊತ್ತಾ? ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಏಳು ವರ್ಷ ಓದಿದ ಪ್ರಮಾಣಪತ್ರ. ಅಡುಗೆಮನೆಯಲ್ಲಿ ಓದಿದ್ದಕ್ಕೆ ಪ್ರಮಾಣಪತ್ರ ಕೊಡೋರು ಯಾರು? ಬೇರೆ ನಿಯಮಗಳ ಅಡಿಯಲ್ಲಿ ಅರ್ಹತೆ ಸಿಗುತ್ತಾ ಅಂತ ಮಗುವಿಗೆ ಹತ್ತು ವರ್ಷ ಆಗೋ ಮೊದಲೇ ಹುಡುಕಬೇಕು. ಹದಿನೆಂಟಕ್ಕೆ ಹುಡುಕಿದರೆ ತಡ. 2016ರಲ್ಲಿ ಮುಂಬೈನ ಒಬ್ಬ ಹುಡುಗಿ ಹತ್ತನೇ ಕ್ಲಾಸೂ ಪಾಸಾಗದೆ ಅಮೆರಿಕದ ಎಂಐಟಿ ಸೇರಿದ್ದು ದೊಡ್ಡ ಸುದ್ದಿಯಾಯ್ತು. ನಿಜ. ಆದರೆ ಆಕೆ ಕಂಪ್ಯೂಟರ್ ಪ್ರೋಗ್ರಾಮಿಂಗ್‌ನ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದಿದ್ದಳು. ಅಷ್ಟಾದರೂ ಹನ್ನೆರಡನೇ ಕ್ಲಾಸಿನ ಸರ್ಟಿಫಿಕೇಟ್ ಇಲ್ಲದ್ದಕ್ಕೆ ನಮ್ಮ ಐಐಟಿ ಬಾಗಿಲು ಆಕೆಗೆ ತೆರೀಲಿಲ್ಲ.

ಮನೆಪಾಠದ ಪ್ರಯೋಗ ಮಾಡಿದವರಲ್ಲಿ ನಮಗೆಲ್ಲ ಗೊತ್ತಿರೋ ಒಬ್ಬ ಅಪ್ಪ ಇದ್ದಾರೆ. ಮೋಹನದಾಸ್ ಗಾಂಧಿ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳನ್ನ ಶಾಲೆಗೆ ಕಳಿಸದೆ ತಾವೇ ಕಲಿಸಿದರು. ಜೋಹಾನ್ಸ್‌ಬರ್ಗ್‌ನಲ್ಲಿ ಕಚೇರಿಗೆ ನಡೆದು ಹೋಗಿ ಬರೋವಾಗ ದಾರಿಯಲ್ಲೇ ಪಾಠ. ಅಂದುಕೊಂಡಷ್ಟು ಸಮಯ ಕೊಡೋಕೆ ತಮ್ಮಿಂದ ಆಗಲಿಲ್ಲ, ಗಂಡುಮಕ್ಕಳಿಗೆಲ್ಲ ಈ ಬಗ್ಗೆ ದೂರು ಇದೆ ಅಂತ ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಹಿರಿಯ ಮಗ ಹರಿಲಾಲ್ 1911ರಲ್ಲಿ ಅಪ್ಪನನ್ನ ಬಿಟ್ಟು, ಮೆಟ್ರಿಕ್ ಓದಬೇಕು ಅಂತ ಅಹಮದಾಬಾದಿಗೆ ಬಂದರು. ಗಾಂಧೀಜಿ ಮಾತ್ರ, ಶಾಲೆ ಕೊಡಲಾರದ್ದನ್ನ ಮನೆ ಕೊಟ್ಟಿದೆ ಅನ್ನೋ ನಂಬಿಕೆ ಬಿಡಲಿಲ್ಲ. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಯಾರು? ಆದರೆ ಒಂದಂತೂ ಸ್ಪಷ್ಟ. ಸಿದ್ಧಾಂತ ಅಪ್ಪನದಾಗಿತ್ತು, ಅದರ ಬೆಲೆ ಕಟ್ಟಿದ್ದು ಮಗ.

ಹಾಗಂತ ಶಾಲೆಯೇ ದೇವಸ್ಥಾನ ಅಂತ ನಾನು ಹೇಳ್ತಾ ಇಲ್ಲ. ಬೆಳಗ್ಗೆ ಎದ್ದರೆ ಹೊಟ್ಟೆನೋವು ಅಂತ ಅಳೋ ಮಗು, ಓದೋ ವೇಗ ಬೇರೆ ಇರೋ ಮಗು, ಹೊಡೆತ ತಿಂದು ಮಾತು ನಿಲ್ಲಿಸಿದ ಮಗು, ಇಂಥ ಮಕ್ಕಳಿಗೆ ಮನೆ ನಿಜಕ್ಕೂ ಆಸರೆ ಆಗಬಹುದು. ಆದರೆ ಬೇರೆ ಜಾತಿಯ, ಬೇರೆ ಬೀದಿಯ ಮಗುವಿನ ಡಬ್ಬಿಯಿಂದ ಚಿತ್ರಾನ್ನ ಕಸಿದು ತಿನ್ನೋ ಪಾಠ ಮನೆಯಲ್ಲಿ ಸಿಗಲ್ಲ. ಅದಕ್ಕೆ ಆಟದ ಮೈದಾನ, ಲೈಬ್ರರಿ, ಅಕ್ಕಪಕ್ಕದ ಮಕ್ಕಳು ಅಂತ ದಿನಾ ಓಡಾಡಬೇಕಾಗುತ್ತೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ. "ಅಮ್ಮಾ, ಪೊಲೀಸ್ನೋರ ಭಯ ಬೇಡ. ಈಗ ಯಜಮಾನ್ರ ಜೊತೆ ಕೂತು, ದಿನಕ್ಕೆ ಯಾರು ಎಷ್ಟು ಗಂಟೆ ಕಲಿಸೋದು ಅಂತ ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಮಗಳನ್ನೇ ಕೇಳಿ. ಶಾಲೆಗೆ ವಾಪಸ್ ಹೋಗ್ತೀನಿ ಅಂದ್ರೆ ಕಳಿಸಿ. ಅದು ನಿಮ್ಮ ಸೋಲಲ್ಲ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಇದನ್ನ ಟಿವೀಲಿ ಹೇಳ್ತೀರಾ ಸಾರ್? ನಮ್ಮನೆಯವರೂ ನೋಡ್ತಾರೆ."

ಹೇಳಿದ್ದೀನಿ.