ಚೀಟಿಯಲ್ಲಿ 18.99, ಕೌಂಟರಿನಲ್ಲಿ 20.56

ಅಮ್ಮ ತುಮಕೂರಿನಿಂದ ನಮ್ಮ ಮನೆಗೆ, ಅಮೆರಿಕದ ಟೆಕ್ಸಸ್ ರಾಜ್ಯದ ಫ್ರಿಸ್ಕೋಗೆ, ಬಂದ ಮೊದಲ ವಾರದ ಮಾತು. ನನ್ನನ್ನು ಕಾರಿನಲ್ಲೇ ಕೂರಿಸಿ, ದೋಸೆ ಕಾವಲಿ ತರಲು ತಾನೊಬ್ಬಳೇ ಅಂಗಡಿಯೊಳಗೆ ಹೋದಳು. ಕಾವಲಿಗೆ ಅಂಟಿಸಿದ್ದ ಬೆಲೆ 18.99 ಡಾಲರ್. ಅವಳ ಕೈಯಲ್ಲಿ 20ರ ಒಂದೇ ಒಂದು ನೋಟು. ಒಂದು ಡಾಲರ್ ಚಿಲ್ಲರೆ ವಾಪಸ್ ಬರುತ್ತದೆಂದು ಕೈ ಚಾಚಿದರೆ ಕೌಂಟರಿನ ಪರದೆಯ ಮೇಲೆ 20.56 ಅಂತ ಇತ್ತು. ಕಾವಲಿ ಅಲ್ಲೇ ಬಿಟ್ಟು ಮುಖ ಚಿಕ್ಕದು ಮಾಡಿಕೊಂಡು ಬಂದಳು. "ಬೆಲೆ ಅಂತ ಒಂದು ಬರೆದು, ದುಡ್ಡು ಕೇಳೋವಾಗ ಇನ್ನೊಂದು ಕೇಳೋದು ಯಾವ ನ್ಯಾಯನಪ್ಪಾ?"

ಅವಳ ಸಿಟ್ಟು ಸರಿಯಾದದ್ದೇ. ನಮ್ಮಲ್ಲಿ ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಜಿಎಸ್‌ಟಿ ದರವೂ ಬೀದರಿನಲ್ಲಿ ಎಷ್ಟೋ ಚಾಮರಾಜನಗರದಲ್ಲೂ ಅಷ್ಟೇ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿನ ಕೇಂದ್ರ ಸರ್ಕಾರ ಮಾರಾಟ ತೆರಿಗೆಯನ್ನು ವಸೂಲಿ ಮಾಡುವುದೇ ಇಲ್ಲ. ಅದು ರಾಜ್ಯಗಳದ್ದು, ರಾಜ್ಯ ಅನುಮತಿಸಿದರೆ ಕೌಂಟಿ, ನಗರ, ಸಾರಿಗೆ ಸಂಸ್ಥೆಗಳದ್ದೂ ಹೌದು. 45 ರಾಜ್ಯಗಳಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್‌ನಲ್ಲಿ ಈ ತೆರಿಗೆ ಇದೆ. ಒರೆಗಾನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಶೈರ್, ಅಲಾಸ್ಕಾಗಳಲ್ಲಿ ರಾಜ್ಯದ ತೆರಿಗೆ ಇಲ್ಲ, ಆದರೆ ಅಲಾಸ್ಕಾದ ಕೆಲವು ಊರುಗಳು ತಮ್ಮದನ್ನು ಹಾಕಿಕೊಳ್ಳುತ್ತವೆ.

ನಮ್ಮೂರಿನ ಲೆಕ್ಕ ಹೀಗೆ. ಟೆಕ್ಸಸ್ ರಾಜ್ಯದ ಪಾಲು 6.25 ಶೇಕಡಾ. ಅದರ ಮೇಲೆ ಸ್ಥಳೀಯರು ಎಲ್ಲ ಸೇರಿ 2 ಶೇಕಡಾ ಮೀರುವಂತಿಲ್ಲ. ಫ್ರಿಸ್ಕೋ ಆ ಎರಡನ್ನೂ ಪೂರ್ತಿ ಬಳಸಿಕೊಂಡಿದೆ: ನಗರಕ್ಕೆ ಒಂದು, ಆರ್ಥಿಕ ಅಭಿವೃದ್ಧಿ ನಿಗಮಕ್ಕೆ ಅರ್ಧ, ಸಮುದಾಯ ಅಭಿವೃದ್ಧಿ ನಿಗಮಕ್ಕೆ ಇನ್ನರ್ಧ. ಪಕ್ಕದ ಡಲ್ಲಾಸ್‌ನಲ್ಲೂ ಒಟ್ಟು ದರ 8.25 ಶೇಕಡಾವೇ, ಆದರೆ ಅಲ್ಲಿ ಒಂದು ಶೇಕಡಾ ನಗರಕ್ಕೆ, ಇನ್ನೊಂದು ಬಸ್ಸು ರೈಲು ಓಡಿಸುವ ಡಾರ್ಟ್ ಸಂಸ್ಥೆಗೆ. ಬಿಲ್ಲಿನಲ್ಲಿ ಮಾತ್ರ ಇದೆಲ್ಲ ಒಂದೇ ಸಾಲು. ಅಮ್ಮನ ಕಾವಲಿಗೆ 18.99ನ್ನು 0.0825ರಿಂದ ಗುಣಿಸಿದರೆ 1.566675 ಬರುತ್ತದೆ. ಅರ್ಧ ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಿನ ಸೆಂಟಿಗೆ, ಕಡಿಮೆಯಿದ್ದರೆ ಕೆಳಗಿನ ಸೆಂಟಿಗೆ. ಹಾಗಾಗಿ ತೆರಿಗೆ 1.57.

ಈ ಚೂರುಪಾರು ಸೆಂಟು ಒಂದು ಕಾಲಕ್ಕೆ ದೊಡ್ಡ ತಲೆನೋವಾಗಿತ್ತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೊಕ್ಕಸ ಬರಿದಾದಾಗ ಹಲವು ರಾಜ್ಯಗಳು ಈ ತೆರಿಗೆ ತಂದವು. 10 ಸೆಂಟಿನ ಸಾಮಾನಿಗೆ 2 ಶೇಕಡಾ ಅಂದರೆ ಸೆಂಟಿನ ಐದನೇ ಒಂದು ಭಾಗ. ಅಷ್ಟು ಸಣ್ಣ ನಾಣ್ಯ ಎಲ್ಲಿಂದ ತರುವುದು? ಕೆಲವು ರಾಜ್ಯಗಳು ಸೆಂಟಿನ ಹತ್ತನೇ ಒಂದು ಭಾಗದ ಬೆಲೆಯ ಬಿಲ್ಲೆಗಳನ್ನೇ ಹೊರಡಿಸಿದವು, ಅಲ್ಯೂಮಿನಿಯಂ, ಸತು, ಪ್ಲಾಸ್ಟಿಕ್, ರಟ್ಟಿನಲ್ಲೂ. ಬಡವರ ಹತ್ತು ಸೆಂಟಿನಿಂದ ಒಂದು ಇಡೀ ಸೆಂಟು ಕಿತ್ತುಕೊಳ್ಳಬಾರದೆಂದು ಇಷ್ಟೊಂದು ಪಾಡುಪಟ್ಟ ಆ ಏರ್ಪಾಡು ನನಗೆ ಇವತ್ತಿಗೂ ಇಷ್ಟ.

ಗುಣಾಕಾರ ಸುಲಭ. ಜನ ಎಡವುವುದು ಅದಕ್ಕೂ ಮೊದಲು, ಯಾವುದಕ್ಕೆ ತೆರಿಗೆ ಎನ್ನುವಲ್ಲಿ. ಮರುವಾರ ಅಮ್ಮನ ಜೊತೆ ದಿನಸಿಗೆ ಹೋದೆ. ಅಕ್ಕಿ 21.99, ತೊಗರಿಬೇಳೆ 8.49, ಕೋಲಾ 6.99, ಪಾತ್ರೆ ತೊಳೆಯುವ ಸೋಪು 4.49. ಒಟ್ಟು 41.96. ಇಡೀ ಮೊತ್ತಕ್ಕೆ 8.25 ಹಾಕಿದರೆ ತೆರಿಗೆ 3.46 ಆಗಬೇಕು. ಆದರೆ ಟೆಕ್ಸಸ್‌ನಲ್ಲಿ ಅಕ್ಕಿ, ಬೇಳೆ, ಹಾಲು, ತರಕಾರಿಗೆ ತೆರಿಗೆ ಇಲ್ಲ. ಸಿಹಿ ಪಾನೀಯಕ್ಕೆ, ಚಾಕೊಲೇಟಿಗೆ, ಸೋಪಿಗೆ ಇದೆ. ಕೋಲಾ ಮತ್ತು ಸೋಪು ಸೇರಿ 11.48, ಅದಕ್ಕೆ ತೆರಿಗೆ 95 ಸೆಂಟು ಮಾತ್ರ. ಬಿಲ್ಲಿನಲ್ಲಿ ಆ ಎರಡರ ಬೆಲೆಯ ಪಕ್ಕ 'ಟಿ' ಅಕ್ಷರ ಇತ್ತು. ಎಷ್ಟೋ ಅಂಗಡಿಗಳ ಬಿಲ್ಲಿನಲ್ಲಿ ತೆರಿಗೆ ಬಿದ್ದ ಸಾಮಾನಿಗೆ ಅದೇ ಗುರುತು. ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತೆಗೆದ ಸಮೋಸ ಪೊಟ್ಟಣಕ್ಕೆ ತೆರಿಗೆ ಇಲ್ಲ, ಅದೇ ಅಂಗಡಿಯವರು ಬಿಸಿಬಿಸಿ ಕೊಟ್ಟ ಸಮೋಸಕ್ಕೆ ಇದೆ. ನ್ಯೂಯಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಇಡಿಯಾಗಿ ಕಟ್ಟಿಸಿಕೊಂಡ ಬೇಗಲ್ ಬನ್ನಿಗೆ ತೆರಿಗೆ ಇಲ್ಲ, ಅದನ್ನೇ ಅಂಗಡಿಯಲ್ಲಿ ಸೀಳಿಸಿದರೆ ತೆರಿಗೆ.

ಬಟ್ಟೆಯ ವಿಷಯಕ್ಕೆ ಬಂದರೆ ನ್ಯೂಯಾರ್ಕ್ ನಗರವನ್ನೇ ನೋಡಬೇಕು. ರಾಜ್ಯಕ್ಕೆ 4, ನಗರಕ್ಕೆ 4.5, ಮಹಾನಗರ ಸಾರಿಗೆ ವಲಯಕ್ಕೆ 0.375, ಒಟ್ಟು 8.875 ಶೇಕಡಾ. ಆದರೆ 110 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆಗೂ ಚಪ್ಪಲಿಗೂ ಅಲ್ಲಿ ಮೂರೂ ಮಾಫಿ. ಲೆಕ್ಕ ಹಿಡಿಯುವುದು ಇಡೀ ಬಿಲ್ಲಿಗಲ್ಲ, ಒಂದೊಂದು ಉಡುಪಿಗೆ. 109 ಡಾಲರಿನ ಕೋಟಿಗೆ ತೆರಿಗೆ ಸೊನ್ನೆ, 110ರ ಕೋಟಿಗೆ 9.76. ಮಿತಿ ದಾಟಿದ ಒಂದು ಡಾಲರಿಗಲ್ಲ, ಪೂರ್ತಿ ಬೆಲೆಗೆ. ಈಗ ಕೂಪನ್ ಹಿಡಿದು ಹೋಗಿ. 120 ಡಾಲರಿನ ಕೋಟಿಗೆ ಅಂಗಡಿಯವರೇ 12 ಡಾಲರ್ ಬಿಟ್ಟರೆ ಬೆಲೆ 108ಕ್ಕೆ ಇಳಿಯಿತು, ತೆರಿಗೆ ಇಲ್ಲ. ಅದೇ 12 ಡಾಲರ್ ಕೋಟು ತಯಾರಿಸಿದ ಕಂಪನಿಯ ಕೂಪನ್ ಆಗಿದ್ದರೆ, ಆ ದುಡ್ಡು ಕಂಪನಿಯಿಂದ ಅಂಗಡಿಗೆ ಬಂದೇ ಬರುತ್ತದೆ. ಹಾಗಾಗಿ ಬೆಲೆ 120 ಎಂದೇ ಲೆಕ್ಕ, ತೆರಿಗೆ 10.65. ಬೆಲೆಯ ಚೀಟಿ ಒಂದೇ, ರಿಯಾಯಿತಿ ಕೊಟ್ಟವರು ಬೇರೆ ಆದ್ದರಿಂದ ಇಷ್ಟು ಅಂತರ. ನದಿ ದಾಟಿ ನ್ಯೂಜೆರ್ಸಿಗೆ ಹೋದರೆ ಈ 110ರ ತಕರಾರೇ ಇಲ್ಲ, ಅಲ್ಲಿ ಸಾಮಾನ್ಯ ಉಡುಪಿಗೆ ತೆರಿಗೆಯೇ ಇಲ್ಲ. ಟೆಕ್ಸಸ್‌ನಲ್ಲಿ ವರ್ಷವಿಡೀ ಇದೆ, ಆಗಸ್ಟಿನ ಒಂದು ವಾರಾಂತ್ಯದಲ್ಲಿ ಮಾತ್ರ 100 ಡಾಲರಿಗಿಂತ ಕಡಿಮೆಯ ಬಟ್ಟೆಗೂ ಶಾಲಾ ಬ್ಯಾಗಿಗೂ ವಿನಾಯಿತಿ. ಮಕ್ಕಳಿರುವವರು ಆ ಮೂರು ದಿನಕ್ಕೆ ಕಾಯಬೇಕು.

ಮನೆಗೇ ತರಿಸಿಕೊಂಡರೆ? 1992ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ಇಲ್ಲದ ಮಾರಾಟಗಾರರಿಂದ ತೆರಿಗೆ ವಸೂಲಿ ಮಾಡಿಸುವ ಅಧಿಕಾರ ರಾಜ್ಯಕ್ಕೆ ಇರಲಿಲ್ಲ. 2018ರಲ್ಲಿ ಸೌತ್ ಡಕೋಟಾ ಮತ್ತು ವೇಫೇರ್ ಕಂಪನಿಯ ಮೊಕದ್ದಮೆಯಲ್ಲಿ ಅದೇ ಕೋರ್ಟು ಆ ತೀರ್ಪನ್ನು ಬದಿಗಿಟ್ಟಿತು. ಈಗ ದೊಡ್ಡ ಆನ್‌ಲೈನ್ ಅಂಗಡಿಗಳು ಸಾಮಾನು ತಲುಪುವ ವಿಳಾಸ ನೋಡಿ ತೆರಿಗೆ ಹಾಕುತ್ತವೆ. ನೀವೇ ದರ ಹುಡುಕುವುದಾದರೆ ಜಿಪ್ ಕೋಡ್ ಸಾಲದು. ಅದು ಅಂಚೆ ಹಂಚಲು ಮಾಡಿದ ಗುರುತು, ನಗರದ ಗಡಿಗೆ ಹೊಂದುವುದಿಲ್ಲ. ರಾಜ್ಯ ತೆರಿಗೆ ಇಲಾಖೆಯ ತಾಣದಲ್ಲಿ ಮನೆ ನಂಬರಿನೊಂದಿಗೆ ಪೂರ್ತಿ ವಿಳಾಸ ಕೊಟ್ಟರೆ ಸರಿಯಾದ ದರ ಸಿಗುತ್ತದೆ.

ಒಟ್ಟು ಮೊತ್ತದಿಂದ ಮೂಲ ಬೆಲೆ ತಿಳಿಯಬೇಕಾದರೆ ಕಳೆಯಬೇಡಿ, ಭಾಗಿಸಿ. ಕೊಟ್ಟದ್ದು 108.25 ಆದರೆ 1.0825ರಿಂದ ಭಾಗಿಸಿದಾಗ ಸರಿಯಾಗಿ 100 ಬರುತ್ತದೆ. 8.25 ಶೇಕಡಾ ಕಳೆದರೆ 99.32 ಬಂದು ಲೆಕ್ಕ ತಪ್ಪುತ್ತದೆ. ಊರಿಗೆ ಮರಳುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರ ಹತ್ತಿರ ತೆರಿಗೆ ವಾಪಸ್ ಕೇಳಿ ಪ್ರಯೋಜನವಿಲ್ಲ, ಕೇಂದ್ರಕ್ಕೆ ಸೇರದ ದುಡ್ಡನ್ನು ಅವರು ಕೊಡಲಾರರು. ಆದರೆ ಅಂಗಡಿಯವರೇ ತಪ್ಪಾಗಿ ಹಾಕಿದ್ದರೆ ಬಿಲ್ ತೋರಿಸಿ ಅವರನ್ನೇ ಕೇಳಬಹುದು.

ಅಮ್ಮ ಹೊರಡುವ ಹಿಂದಿನ ವಾರ, 5.99 ಡಾಲರಿನ ಫ್ರೀಜರ್ ಸಮೋಸದ ಪಕ್ಕ ಒಂದು 'ಟಿ' ಬಿದ್ದಿತ್ತು. ಕನ್ನಡಕ ಏರಿಸಿಕೊಂಡು ಬಿಲ್ ಓದಿದವಳು ಪೊಟ್ಟಣವನ್ನು ಕೌಂಟರಿನ ಹುಡುಗನ ಕೈಗಿಟ್ಟು, "ನೋಡಪ್ಪ, ತಣ್ಣಗಿದೆ" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಒಳಗಿನವರನ್ನು ಕೇಳಿ ಬಂದು 49 ಸೆಂಟು ಎಣಿಸಿ ಕೊಟ್ಟ.